ನಗರಕ್ಕೂ ನೀರುಗಂಟಿ ಬೇಕು

(ಬೆಂಗಳೂರಿನ ಜಯನಗರದಲ್ಲಿ ನಿವಾಸಿಗಳ ಸಂಘವೊಂದು ಏರ್ಪಡಿಸಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಈ ಸಭೆಗೆ ಕರೆಯಲು ಬಂದಿದ್ದ ಹಿರಿಯರೊಬ್ಬರು, "ಕಾವೇರಿ ಐದನೇ ಹಂತ ಬಂದಾಯಿತಲ್ಲ ಸ್ವಾಮಿ, ಇನ್ನೂ ಎಷ್ಟು ದಿನ ನೀರು ಉಳಿಸಿ ಎಂದು ಹೇಳುತ್ತಿರುತ್ತೀರಿ?" ಎಂದು ಕೇಳಿದರು. ಮಾತಿನಲ್ಲಿ ಸ್ವಲ್ಪ ಕುಚೋದ್ಯವಿತ್ತು, ಸ್ವಲ್ಪ ನ್ಯಾಯವೂ ಇತ್ತು. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ಸಿಗುವಂತಾಯಿತು. ಹಿಂದಿನ ನಾಲ್ಕು ಹಂತಗಳ 1,450 ಸೇರಿಸಿದರೆ ಒಟ್ಟು 2,225 ದಶಲಕ್ಷ ಲೀಟರ್. ಬೇಸಿಗೆಯಲ್ಲಿ ಬಕೆಟ್ ಹಿಡಿದು ನಿಂತಿದ್ದವರು ದೀಪಾವಳಿಯ ಹೊತ್ತಿಗೆ ಎಲ್ಲವನ್ನೂ ಮರೆತರೆ ಅವರನ್ನು ದೂರುವಂತಿಲ್ಲ.

ಆದರೆ ಈ ನೀರು ಬರುವ ದಾರಿಯನ್ನು ಒಮ್ಮೆ ನೆನೆಯೋಣ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ನೀರನ್ನು ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ ಹಂತ ಹಂತವಾಗಿ ಪಂಪು ಮಾಡುತ್ತಾರೆ. ದೂರ ಸುಮಾರು ನೂರು ಕಿಲೋಮೀಟರ್, ಏರು ಸುಮಾರು 500 ಮೀಟರ್. ಹೈಸ್ಕೂಲಿನ ಭೌತಶಾಸ್ತ್ರದ ಸೂತ್ರ ಹಾಕಿದರೂ ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಪಂಪು ಮತ್ತು ಪೈಪುಗಳಲ್ಲಿ ಆಗುವ ನಷ್ಟ ಇದಕ್ಕೆ ಸೇರಿಲ್ಲ. ಅಂದರೆ ಎಲ್ಲ ಹಂತಗಳೂ ಪೂರ್ತಿ ನಡೆದ ದಿನ, ಬರಿಯ ಏರಿಗಾಗಿಯೇ ಮೂವತ್ತು ಲಕ್ಷ ಯೂನಿಟ್‌ಗಿಂತ ಹೆಚ್ಚು. ಹೀಗೆ ಬೆಟ್ಟ ಹತ್ತಿಸಿ ತಂದ ನೀರನ್ನು ನಾವು ಒಂದು ಸಲ ಬಳಸುತ್ತೇವೆ. ಒಂದು ಚೊಂಬು ತಲೆಗೆ, ಒಂದು ಚೊಂಬು ತಟ್ಟೆಗೆ, ಒಂದು ಬಕೆಟ್ ಶೌಚಕ್ಕೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಪೂರೈಕೆಯಾದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಹಾಗಾದರೆ ಕಾವೇರಿಯ ಪಾಲಿನಿಂದಲೇ ದಿನಕ್ಕೆ 1,700 ದಶಲಕ್ಷ ಲೀಟರ್‌ಗಿಂತ ಹೆಚ್ಚು ನೀರು ಇಳಿಜಾರು ಹಿಡಿದು ಹೊರಟುಹೋಗುತ್ತದೆ.

ಎಲ್ಲಿಗೆ? ಬೆಂಗಳೂರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಬೆನ್ನಿನ ಮೇಲೆ. ದಿಬ್ಬದ ಪಡುವಣಕ್ಕೆ ಬಿದ್ದ ಹನಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೆ ಹೋಗುತ್ತದೆ. ಮೂಡಣಕ್ಕೆ ಬಿದ್ದದ್ದು ಹೆಬ್ಬಾಳ ಕಣಿವೆ ಅಥವಾ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ಈ ಭೂಗೋಳ ನಮ್ಮನ್ನು ನ್ಯಾಯಾಲಯದವರೆಗೂ ಕರೆದೊಯ್ದಿದೆ. ಊರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಕಾವೇರಿ ನ್ಯಾಯಮಂಡಳಿ 2007ರಲ್ಲಿ ಬೆಂಗಳೂರಿನ ಪಾಲನ್ನು ಮೊಟಕುಗೊಳಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪದೆ 2018ರ ಫೆಬ್ರುವರಿಯಲ್ಲಿ ನಗರಕ್ಕೆಂದೇ 4.75 ಟಿಎಂಸಿ ಅಡಿ ನೀರು ಹೆಚ್ಚಿಸಿತು. ಆ ತೀರ್ಪು ಬಂದ ದಿನ ಎಲ್ಲರೂ ಸಂತೋಷಪಟ್ಟರು. ಆರನೇ ಹಂತ, ಏಳನೇ ಹಂತ ಎಂದು ನೀರು ಕೇಳುತ್ತಲೇ ಹೋಗಲು ಕಾವೇರಿಯಲ್ಲಿ ಅಷ್ಟು ನೀರಿಲ್ಲ ಎಂಬುದು ಮಾತ್ರ ಆ ಸಂತೋಷದಲ್ಲಿ ಮರೆತುಹೋಯಿತು.

ನಾನು ಇವತ್ತು ಹೇಳಬೇಕೆಂದಿರುವುದು ಒಂದೇ ವಿಷಯ. ಬೆಂಗಳೂರಿನಲ್ಲಿ ನೀರು ಉಳಿಸುವ ಕಾನೂನುಗಳು ಇವೆ, ಯಂತ್ರಗಳಿವೆ, ದುಡ್ಡು ಕೂಡ ಇದೆ. ಇಲ್ಲದಿರುವವನು ನೀರುಗಂಟಿ.

ಇಲ್ಲಿ ಕೂತಿರುವ ಎಳೆಯರಿಗಾಗಿ ವಿವರಿಸುತ್ತೇನೆ. ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ಏರಿಯಲ್ಲಿ ಇಲಿ ಬಿಲ ತೋಡಿದ್ದರೆ ಮುಚ್ಚುವುದು, ಕೋಡಿ ಬೀಳುವ ರಾತ್ರಿ ಕಂಬಳಿ ಹೊದ್ದು ಏರಿಯ ಮೇಲೆ ಕಾವಲು ಕೂರುವುದು ಅವನ ಕೆಲಸ. ಕೂಲಿಯಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲು, ಕೆಲವು ಕಡೆ ಇನಾಮು ಭೂಮಿ. ಈ ವ್ಯವಸ್ಥೆಯನ್ನು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ಆ ಕೆಲಸ ಬಹುತೇಕ ಕಡೆ ದಲಿತ ಕುಟುಂಬಗಳ ಹೆಗಲೇರಿತ್ತು. ಊರಿಗೆಲ್ಲ ನೀರು ಹಂಚಿದವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು: ಕೆರೆಗೆ ಒಬ್ಬ ಮನುಷ್ಯ ಬೇಕು, ದಿನವೂ ಬೇಕು ಎಂಬುದು ಆ ಕಾಲಕ್ಕೆ ಗೊತ್ತಿತ್ತು.

ನಮ್ಮ ನಗರ ಕೆರೆಗಳನ್ನೇ ಕಳೆದುಕೊಂಡಾಗ ಈ ತಿಳಿವಳಿಕೆಯೂ ಹೋಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಸಿದ್ದಿಕಟ್ಟೆ ಕೆ.ಆರ್. ಮಾರುಕಟ್ಟೆಯಾಯಿತು. ಈ ಪಟ್ಟಿ ನಿಮಗೆ ಬಾಯಿಪಾಠವಾಗಿರಬಹುದು, ಬೆಳೆಸುವುದಿಲ್ಲ. 1896ರಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ಕಾವೇರಿಯಿಂದ ಪೈಪಿನಲ್ಲಿ ನೀರು ಬರತೊಡಗಿದ ಮೇಲೆ, ನೀರು ಅಂದರೆ ನಲ್ಲಿ, ನಲ್ಲಿ ಅಂದರೆ ಸರ್ಕಾರ ಎಂದಾಯಿತು.

ಈಗ ಮಳೆಗೆ ಬರೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್. ಇದೊಂದು ನೆನಪಿದ್ದರೆ ಉಳಿದ ಲೆಕ್ಕವನ್ನು ನೀವೇ ಮಾಡಬಹುದು. ಹಳೆಯ ಬಿಬಿಎಂಪಿಯ 700 ಚದರ ಕಿಲೋಮೀಟರ್ ಚಿಲ್ಲರೆ ನೆಲದ ಮೇಲೆ ಬೀಳುವ ಮಳೆಯನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 1,900 ದಶಲಕ್ಷ ಲೀಟರ್. ಅದೆಲ್ಲವನ್ನೂ ಹಿಡಿಯಲಾಗದು, ಹಿಡಿಯಲೂಬಾರದು. ಮರ, ಮಣ್ಣು, ಕೆರೆಗಳಿಗೂ ಪಾಲಿದೆ. ನಿಮ್ಮ ಮನೆಯ ಲೆಕ್ಕವನ್ನೇ ನೋಡಿ. 30×40ರ ನಿವೇಶನದಲ್ಲಿ ಸಾವಿರ ಚದರ ಅಡಿ ತಾರಸಿ ಇದ್ದರೆ ಅದರ ಮೇಲೆ ವರ್ಷಕ್ಕೆ 90,000 ಲೀಟರ್ ಬೀಳುತ್ತದೆ. ಐದನೇ ಒಂದು ಭಾಗ ಸೋರಿ, ಆರಿ ಹೋಯಿತು ಎಂದುಕೊಂಡರೂ 72,000 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಲ್ಲಿ ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸಾಕು.

ಇದು ಕಾಗದದ ಮೇಲಿನ ಲೆಕ್ಕ ಎನ್ನುವವರಿಗೆ ಒಂದು ಮನೆ ತೋರಿಸುತ್ತೇನೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ವಿಜಯನಗರದಲ್ಲಿ 'ಸೌರಭ' ಎಂಬ ಮನೆ ಕಟ್ಟಿಕೊಂಡು 1990ರ ದಶಕದಿಂದಲೂ ಜಲಮಂಡಳಿಯ ಸಂಪರ್ಕವಿಲ್ಲದೆ ಮಳೆನೀರಿನಲ್ಲಿಯೇ ಬದುಕುತ್ತಿರುವುದು ಈ ಊರಿನಲ್ಲಿ ಹೆಸರಾದ ಸಂಗತಿ. ಅಲ್ಲಿ ಬಟ್ಟೆ ಒಗೆದ ನೀರು ಚರಂಡಿಗೆ ಹೋಗದೆ ಶೌಚಾಲಯಕ್ಕೆ ಹೋಗುತ್ತದೆ. ಆ ಮನೆಯಲ್ಲಿ ದೊಡ್ಡ ಯಂತ್ರವೇನೂ ಇಲ್ಲ. ಯಾವ ತೊಟ್ಟಿಯಲ್ಲಿ ಎಷ್ಟು ನೀರಿದೆ, ಯಾವ ಶೋಧಕ ಕಟ್ಟಿಕೊಂಡಿದೆ ಎಂದು ಬಲ್ಲ ಒಬ್ಬರು ಇದ್ದಾರೆ.

ಉಳಿದ ಊರಿನ ಕಥೆ ಬೇರೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, 40×60 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ 30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಮಾಡದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಪರಿಣಾಮ ಏನಾಯಿತು? ಬಹಳಷ್ಟು ಮನೆಗಳಲ್ಲಿ ಗೋಡೆಗೆ ಒಂದು ನೀಲಿ ಅಥವಾ ಬಿಳಿ ಡ್ರಮ್ಮು, ಅದಕ್ಕೊಂದು ಪೈಪು, ಪರಿಶೀಲನೆಗೆ ಒಂದು ಫೋಟೊ. ಡ್ರಮ್ಮಿನ ಒಳಗೆ ಮೂರು ವರ್ಷದ ಬೇವಿನೆಲೆ, ಪಾರಿವಾಳದ ಗರಿ, ಜಲ್ಲಿಯ ಮೇಲೆ ಅಂಗೈ ದಪ್ಪದ ಕೆಸರು. ಮಳೆ ಬಂದರೆ ನೀರು ಶೋಧಕದೊಳಗೆ ಇಳಿಯಲಾರದೆ ಮೇಲಿನಿಂದ ತುಳುಕಿ ರಸ್ತೆಗೆ ಹೋಗುತ್ತದೆ, ರಸ್ತೆಯಿಂದ ರಾಜಕಾಲುವೆಗೆ, ಅಲ್ಲಿಂದ ತಗ್ಗಿನಲ್ಲಿರುವ ಯಾರದೋ ಮನೆಗೆ. ನಮಗೆ ನೆರೆ ಮತ್ತು ಬರ ಒಂದೇ ವರ್ಷದಲ್ಲಿ ಬರುವುದಕ್ಕೆ ಈ ಡ್ರಮ್ಮಿನ ಕೆಸರು ಸಣ್ಣ ಕಾರಣವೇನಲ್ಲ.

ನೀರನ್ನು ತೊಟ್ಟಿಯಲ್ಲಿ ಹಿಡಿಯುವುದಕ್ಕಿಂತ ಬೆಂಗಳೂರಿಗೆ ಹೆಚ್ಚು ಒಪ್ಪುವುದು ನೆಲದೊಳಗೆ ಹಿಡಿಯುವುದು ಎಂದು ನನ್ನ ಅಭಿಪ್ರಾಯ. ಲಾಲ್‌ಬಾಗಿನ ಬಂಡೆಯನ್ನು ನೀವೆಲ್ಲ ಹತ್ತಿದ್ದೀರಿ. ಸುಮಾರು 300 ಕೋಟಿ ವರ್ಷ ವಯಸ್ಸಿನ ಆ ಶಿಲೆಯೇ ಊರಿನ ತಳಪಾಯ. ಲಾಲ್‌ಬಾಗಿನಲ್ಲಿ ಅದು ಮೇಲೆ ಎದ್ದಿದೆ, ಬೇರೆ ಕಡೆ ಕೆಳಗೆ ಅಡಗಿದೆ. ಗಟ್ಟಿ ಬಂಡೆಯ ಮೇಲೆ, ಕಾಲದ ಹೊಡೆತಕ್ಕೆ ಶಿಥಿಲವಾಗಿ ಕೈಯಲ್ಲಿ ಹಿಸುಕಿದರೆ ಉದುರುವ ಕಲ್ಲಿನ ಪದರವಿದೆ. ಅದರ ಮೇಲೆ ಕೆಂಪು ಮಣ್ಣು. ಈ ಶಿಥಿಲ ಪದರ ನೀರನ್ನು ಬೇಗ ಕುಡಿಯುತ್ತದೆ, ಬೇಗ ಕೊಡುತ್ತದೆ. ನಮ್ಮ ಅಜ್ಜಂದಿರ ಮೂವತ್ತು–ನಲವತ್ತು ಅಡಿಯ ಬಾವಿಗಳು ನೀರು ಕುಡಿದದ್ದು ಇದರಿಂದಲೇ. ಕೊಳವೆಬಾವಿ ಬಂದ ಮೇಲೆ ನಾವು ಈ ಪದರವನ್ನು ದಾಟಿ ಗಟ್ಟಿ ಬಂಡೆಯ ಬಿರುಕುಗಳಿಗೆ ಇಳಿದೆವು, ಸಾವಿರ ಅಡಿ, ಸಾವಿರದ ಐನೂರು ಅಡಿ. ಆ ಬಿರುಕುಗಳಿಗೆ ನೀರು ಮರಳಲು ಬಹಳ ಕಾಲ ಬೇಕು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚು ಕಡಿಮೆ ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟದ್ದು ನೆಪ. ತೆಗೆದದ್ದಕ್ಕೆ ತಕ್ಕಷ್ಟು ತುಂಬದೆ ಹೋದದ್ದು ಕಾರಣ.

ಇಂಗುಬಾವಿ ತೋಡುವುದನ್ನು ಹತ್ತಿರದಿಂದ ನೋಡಿದ್ದೀರಾ? ನಮ್ಮಲ್ಲಿ ಬಾವಿ ತೋಡುವ ಕಸುಬು ಮಣ್ಣು ವಡ್ಡರದು, ಭೋವಿ ಸಮುದಾಯದವರದು. ಮೂರು ಅಡಿ ಅಗಲದ ವೃತ್ತ ಎಳೆದು ಒಬ್ಬ ಒಳಗೆ ಇಳಿಯುತ್ತಾನೆ. ಮೊಣಕೈ ಆಡಿಸಲೂ ಜಾಗವಿರುವುದಿಲ್ಲ. ಅದಕ್ಕೆ ಹಿಡಿ ಮೋಟು ಮಾಡಿದ ಹಾರೆ, ಗುದ್ದಲಿ. ಮೇಲಿರುವವರು ಹಗ್ಗದಲ್ಲಿ ಬುಟ್ಟಿ ಇಳಿಸುತ್ತಾರೆ, ಮಣ್ಣು ತುಂಬಿ ಎಳೆಯುತ್ತಾರೆ. ಮೊದಲು ಕಟ್ಟಡದ ಅವಶೇಷ, ಇಟ್ಟಿಗೆ ಚೂರು, ಪ್ಲಾಸ್ಟಿಕ್, ಬಳಿಕ ಕೆಂಪು ಮಣ್ಣು, ಅದಾದ ಮೇಲೆ ಮಣ್ಣಿನ ಬಣ್ಣ ತಿಳಿಯಾಗುತ್ತಾ ಅಭ್ರಕದ ಮಿಣುಕು ಕಾಣಿಸುತ್ತದೆ. ಅಲ್ಲಿಗೆ ತೋಡುವವನ ಮುಖ ಅರಳುತ್ತದೆ. ನೀರು ಇಂಗುವ ಪದರ ಸಿಕ್ಕಿತು ಎಂದರ್ಥ. ಇಪ್ಪತ್ತು ಅಡಿ ಆದ ಮೇಲೆ ಸಿಮೆಂಟು ಉಂಗುರಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ನಡುವೆ ಗಾರೆ ಹಾಕುವುದಿಲ್ಲ, ತಳಕ್ಕೆ ಕಾಂಕ್ರೀಟು ಹಾಕುವುದಿಲ್ಲ. ಉಂಗುರದ ಹೊರಗೆ ಸುತ್ತ ಜಲ್ಲಿ. ಇಷ್ಟೇ ಬಾವಿ. ಒಮ್ಮೆ ತುಂಬಿದರೆ 4,000 ಲೀಟರ್ ಹಿಡಿಯುತ್ತದೆ, ಮಣ್ಣು ಒಳ್ಳೆಯದಿದ್ದರೆ ಬೇಗನೆ ಖಾಲಿಯಾಗಿ ಮುಂದಿನ ಮಳೆಗೆ ಬಾಯಿ ತೆರೆದು ಕಾಯುತ್ತದೆ. ನಗರದಲ್ಲಿ ಹತ್ತು ಲಕ್ಷ ಇಂಗುಬಾವಿಗಳಾಗಲಿ ಎಂದು ಬಯೋಮ್ ಸಂಸ್ಥೆ ಮತ್ತು ಅದರ ಎಸ್. ವಿಶ್ವನಾಥ್ ಅಭಿಯಾನವನ್ನೇ ನಡೆಸುತ್ತಿದ್ದಾರೆ. ಕಬ್ಬನ್ ಉದ್ಯಾನದಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಗಳ ಹೂಳನ್ನು ಇದೇ ವಡ್ಡರು ತೆಗೆದರು, ನೀರು ಬಂತು.

ಒಂದು ಎಚ್ಚರಿಕೆ. ತಾರಸಿಯ ನೀರು ಇಂಗುಬಾವಿಗೆ ಹೋಗಬಹುದು. ಎಣ್ಣೆ, ಕಸ, ನಾಯಿಯ ಮಲ ತೊಳೆದು ಬರುವ ರಸ್ತೆಯ ನೀರನ್ನು ಸೋಸದೆ ಬಿಡಬಾರದು. ಒಡೆದ ಒಳಚರಂಡಿಯ ಪಕ್ಕದಲ್ಲಂತೂ ಬಾವಿ ತೋಡಲೇಬಾರದು. ಎಷ್ಟೋ ಉತ್ಸಾಹಿಗಳು ಹೂಳು ತುಂಬಿದ ಚರಂಡಿಯನ್ನು ನೇರವಾಗಿ ಕೊಳವೆಬಾವಿಗೆ ತಿರುಗಿಸಿ ಅಂತರ್ಜಲವನ್ನೇ ಕೆಡಿಸಿದ್ದಾರೆ. ಬಾವಿ ತೋಡಿದ ದಿನ ಪೂಜೆ ಮಾಡುವವರು ವರ್ಷಕ್ಕೊಮ್ಮೆ ಅದರ ಮುಚ್ಚಳ ತೆಗೆದು ಹೂಳು ಎತ್ತಿಸುವುದನ್ನೂ ಶಾಸ್ತ್ರದಲ್ಲಿ ಸೇರಿಸಿಕೊಂಡರೆ ಒಳ್ಳೆಯದು.

ಈಗ ಮುಖ್ಯ ವಿಷಯಕ್ಕೆ, ಬಳಸಿದ ನೀರಿಗೆ ಬರುತ್ತೇನೆ. ಮೂಗು ಮುರಿಯಬೇಡಿ.

ದೊಡ್ಡ ವಸತಿ ಸಮುಚ್ಚಯಗಳು ತಮ್ಮ ಕೊಳಚೆಯನ್ನು ತಮ್ಮ ಆವರಣದಲ್ಲಿಯೇ ಸಂಸ್ಕರಿಸಿ ಮರುಬಳಸಬೇಕು ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ನಿಯಮ ಮಾಡಿ ಎರಡು ದಶಕವಾಗುತ್ತಾ ಬಂತು. ಭಾರತದ ಬೇರೆ ಯಾವ ನಗರವೂ ಇದನ್ನು ಇಷ್ಟು ಕಟ್ಟುನಿಟ್ಟಾಗಿ ಕೇಳಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ನಮ್ಮ ನೆಲಮಾಳಿಗೆಗಳಲ್ಲಿ ಸಾವಿರಾರು ಎಸ್‌ಟಿಪಿಗಳಿವೆ, ಅಂದರೆ ಕೊಳಚೆ ಸಂಸ್ಕರಣಾ ಘಟಕಗಳು. ಎಸ್‌ಟಿಪಿ ಎಂದರೆ ಯಂತ್ರ ಎಂದು ಜನ ತಿಳಿದಿದ್ದಾರೆ. ಗುಂಡಿ ಒತ್ತಿದರೆ ಕೊಳಕು ಹೋಗಿ ತಿಳಿನೀರು ಬರಬೇಕು ಎಂಬ ನಿರೀಕ್ಷೆ. ನಿಜದಲ್ಲಿ ಅದು ಕೊಟ್ಟಿಗೆ ಇದ್ದಂತೆ. ಅಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳನ್ನು ಸಾಕಿರುತ್ತಾರೆ. ಅವುಗಳಿಗೆ ಮೇವು ನಮ್ಮ ಕೊಳಚೆ. ಉಸಿರಾಡಲು ಗಾಳಿ ಬೇಕು, ಅದಕ್ಕೇ ಬ್ಲೋವರ್. ಹೆಚ್ಚಾದ ಸಗಣಿಯನ್ನು ತೆಗೆಯುವಂತೆ ಹೆಚ್ಚಾದ ಕೆಸರನ್ನು ತೆಗೆಯುತ್ತಿರಬೇಕು.

ಇದನ್ನು ನೋಡಿಕೊಳ್ಳುವ ಆಪರೇಟರ್ ದಿನವೂ ಮಾಡಬೇಕಾದ ಒಂದು ಪರೀಕ್ಷೆ ಇದೆ. ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಅಳತೆಯ ಗಾಜಿನ ಜಾಡಿಯಲ್ಲಿ ತುಂಬಿ ಅರ್ಧ ಗಂಟೆ ಅಲುಗಿಸದೆ ಇಡುತ್ತಾನೆ. ಆರೋಗ್ಯವಾಗಿದ್ದರೆ ಕಾಫಿ ಬಣ್ಣದ ಕೆಸರು ನಿಧಾನವಾಗಿ ತಳಕ್ಕೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ವಾಸನೆ ಮೊದಲ ಮಳೆಯ ಮಣ್ಣಿನ ಹಾಗೆ ಇರುತ್ತದೆ. ಕೆಸರು ಕಪ್ಪಾಗಿದ್ದರೆ, ಕೊಳೆತ ಮೊಟ್ಟೆಯ ನಾತ ಬಂದರೆ, ಒಳಗಿನ ಜೀವಿಗಳಿಗೆ ಉಸಿರು ಕಟ್ಟಿದೆ. ಕೆಸರು ಕೂರದೆ ಜಾಡಿಯ ತುಂಬ ತೇಲುತ್ತಿದ್ದರೆ ಬೇರೆ ರೋಗ. ಪ್ರಯೋಗಾಲಯ ಬೇಕಿಲ್ಲ; ಒಂದು ಜಾಡಿ, ಅರ್ಧ ಗಂಟೆ, ನೋಡುವ ಕಣ್ಣು ಸಾಕು.

ಬಹುತೇಕ ಕಡೆ ನಡೆಯುವುದು ಹೀಗೆ. ಸಂಘದ ಸಮಿತಿಗೆ ವಿದ್ಯುತ್ ಬಿಲ್ಲು ಹೆಚ್ಚು ಎನಿಸುತ್ತದೆ, ರಾತ್ರಿ ಬ್ಲೋವರ್ ನಿಲ್ಲಿಸಲು ಹೇಳುತ್ತಾರೆ. ಜೀವಿಗಳು ಸಾಯುತ್ತವೆ. ಬೆಳಗ್ಗೆ ಎರಡನೇ ಮಹಡಿಯವರು ಫ್ಲಶ್ಶಿನಲ್ಲಿ ಹಳದಿ ನೀರು ಬಂತು, ನಾತ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕುತ್ತಾರೆ. ಸಮಿತಿ ಒತ್ತಡಕ್ಕೆ ಮಣಿದು ಫ್ಲಶ್ಶಿಗೂ ಒಳ್ಳೆಯ ನೀರನ್ನೇ ಬಿಡುತ್ತದೆ. ಇತ್ತ ಸಂಸ್ಕರಣೆಯಾಗದ ನೀರನ್ನು ರಾತ್ರೋರಾತ್ರಿ ಮಳೆನೀರಿನ ಕಾಲುವೆಗೆ ಪಂಪು ಮಾಡಲಾಗುತ್ತದೆ. ಬೆಳ್ಳಂದೂರು ಕೆರೆ ನೊರೆ ಕಾರಿದಾಗ, 2015ರಿಂದ ಈಚೆಗೆ ಅದು ಹೊತ್ತಿ ಉರಿದಾಗ, ಫೋಟೊ ಹಂಚಿಕೊಂಡವರಲ್ಲಿ ಈ ಸಮುಚ್ಚಯಗಳ ನಿವಾಸಿಗಳೂ ಇದ್ದರು.

ಒಂದು ಲೆಕ್ಕ ಹೇಳುತ್ತೇನೆ. ಇನ್ನೂರು ಮನೆಗಳ ಒಂದು ಸಮುಚ್ಚಯ, ಎಂಟುನೂರು ಜನ. ತಲೆಗೆ 135 ಲೀಟರ್ ಹಿಡಿದರೆ ದಿನಕ್ಕೆ ಸುಮಾರು 86,000 ಲೀಟರ್ ಕೊಳಚೆ ಬರುತ್ತದೆ. ಅದೆಲ್ಲವನ್ನೂ ಸಂಸ್ಕರಿಸಿ, ಫ್ಲಶ್ಶಿಗೆ ತಲೆಗೆ 45 ಲೀಟರಿನಂತೆ 36,000 ಕಳೆದು, ತೋಟಕ್ಕೆ ಇನ್ನಷ್ಟು ಬಿಟ್ಟರೂ ನಲವತ್ತು ಸಾವಿರ ಲೀಟರ್ ಮಿಗುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಎಂದುಕೊಂಡರೆ ನಾಲ್ಕು. ಹಿಂದಿನ ಬಾಗಿಲಿನಿಂದ ನಾಲ್ಕು ಟ್ಯಾಂಕರಿನಷ್ಟು ನೀರು ಮೋರಿಗೆ ಹೋಗುತ್ತಿರುವಾಗ ಮುಂದಿನ ಗೇಟಿನಲ್ಲಿ ನಾಲ್ಕು ಟ್ಯಾಂಕರು ದುಡ್ಡು ಕೊಟ್ಟು ಬರಮಾಡಿಕೊಳ್ಳುವ ದೃಶ್ಯವನ್ನು ಹೊರವಲಯದ ಯಾವ ಬಡಾವಣೆಯಲ್ಲಿಯೂ ನೋಡಬಹುದು. ಮಿಕ್ಕ ನೀರಿನಲ್ಲಿ ಅರ್ಧವನ್ನು ಹೊರಗಿನವರಿಗೆ ಮಾರಬಹುದು ಎಂದು ಸರ್ಕಾರ ಈಚೆಗೆ ಅನುಮತಿ ಕೊಟ್ಟಿದೆ. ಒಳ್ಳೆಯದೇ. ಪಕ್ಕದಲ್ಲಿ ಕಟ್ಟಡ ಏಳುತ್ತಿದ್ದರೆ ಅದಕ್ಕೆ, ರಸ್ತೆಯ ದೂಳಿಗೆ, ಉದ್ಯಾನಕ್ಕೆ ಕೊಡಬಹುದು. ಆದರೆ ಕೊಳ್ಳುವವನು ನಂಬಬೇಕಾದರೆ ನೀರಿನ ಗುಣ ಇವತ್ತಿನಂತೆ ನಾಳೆಯೂ ಇರಬೇಕು. ಅದು ಪುನಃ ಜಾಡಿ ಹಿಡಿದ ಆ ಮನುಷ್ಯನಿಗೇ ಬಂದು ನಿಲ್ಲುತ್ತದೆ.

ಅವನಿಗೆ ನಾವು ಏನು ಕೊಡುತ್ತಿದ್ದೇವೆ? ಅವನು ಯಾವುದೋ ಗುತ್ತಿಗೆದಾರನ ಕೆಳಗೆ ಹನ್ನೆರಡು ಗಂಟೆ ದುಡಿಯುತ್ತಾನೆ, ಕೂರಲು ಡೀಸೆಲ್ ಜನರೇಟರ್ ಪಕ್ಕದಲ್ಲಿ ಒಂದು ಮುರುಕು ಪ್ಲಾಸ್ಟಿಕ್ ಕುರ್ಚಿ. ತರಬೇತಿ ಇಲ್ಲ. ನಿವಾಸಿಗಳಲ್ಲಿ ಅವನ ಹೆಸರು ಬಲ್ಲವರು ಇಲ್ಲ. ಇದಕ್ಕಿಂತ ಘೋರವಾದದ್ದೂ ಇದೆ. 2013ರ ಕಾನೂನು ರಕ್ಷಣಾ ಸಲಕರಣೆ, ಸುರಕ್ಷತಾ ಕ್ರಮಗಳಿಲ್ಲದೆ ಮನುಷ್ಯರನ್ನು ಮಲಗುಂಡಿಗೆ ಇಳಿಸಬಾರದು ಎನ್ನುತ್ತದೆ. ಆದರೂ ಬೆಂಗಳೂರಿನ ಸಮುಚ್ಚಯಗಳ ಎಸ್‌ಟಿಪಿ ಗುಂಡಿಗೆ ಇಳಿದು ಕಾರ್ಮಿಕರು ವಿಷಗಾಳಿಗೆ ಸತ್ತಿದ್ದಾರೆ. ನೀರುಗಂಟಿಯನ್ನು ಕೀಳಾಗಿ ಕಂಡ ಹಳೆಯ ಬುದ್ಧಿ ಇನ್ನೂ ಲಿಫ್ಟಿನಲ್ಲಿ ಓಡಾಡುತ್ತಿದೆ.

ಸಮುಚ್ಚಯಗಳನ್ನು ಬಿಟ್ಟು ನಗರದ ಮಟ್ಟಕ್ಕೆ ಬಂದರೆ, ಜಲಮಂಡಳಿಯ ಸಂಸ್ಕರಣಾ ಘಟಕಗಳೇ ಮೂವತ್ತಕ್ಕೂ ಹೆಚ್ಚಿವೆ. ಕಬ್ಬನ್ ಉದ್ಯಾನ, ಲಾಲ್‌ಬಾಗುಗಳ ಹುಲ್ಲು ಹಸಿರಾಗಿರುವುದು ಸಂಸ್ಕರಿಸಿದ ನೀರಿನಿಂದ. ಯಲಹಂಕದ ಘಟಕದ ನೀರು ವಿಮಾನ ನಿಲ್ದಾಣಕ್ಕೂ ಕೈಗಾರಿಕೆಗಳಿಗೂ ಹೋಗಿದೆ. ಜಕ್ಕೂರು ಕೆರೆಯಲ್ಲಿ ಘಟಕದಿಂದ ಹೊರಬಂದ ನೀರು ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾಯ್ದು, ಗೊಬ್ಬರದ ಅಂಶ ಕಳೆದುಕೊಂಡು ಕೆರೆ ಸೇರುವಂತೆ ಮಾಡಿದ್ದಾರೆ. ಕೆರೆಯಲ್ಲಿ ಮೀನು ಹಿಡಿಯುತ್ತಾರೆ, ಸುತ್ತಲಿನ ಬಾವಿಗಳಲ್ಲಿ ನೀರಿದೆ. ಅಲ್ಲಿಯೂ ಅದೇ ಷರತ್ತು: ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕದಿದ್ದರೆ ಅದು ಅಲ್ಲೇ ಕೊಳೆತು, ಹೀರಿದ್ದೆಲ್ಲವನ್ನೂ ನೀರಿಗೇ ವಾಪಸು ಬಿಡುತ್ತದೆ.

ದೊಡ್ಡ ಪ್ರಯೋಗ ಕೋಲಾರದ್ದು. 2018ರ ಜೂನಿನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಯಿಂದ ಆರಂಭಿಸಿ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 440 ದಶಲಕ್ಷ ಲೀಟರ್. ಹೆಬ್ಬಾಳ–ನಾಗವಾರ ಕಣಿವೆಯ 210 ದಶಲಕ್ಷ ಲೀಟರ್ ಚಿಕ್ಕಬಳ್ಳಾಪುರದ ಕಡೆಗೆ. ನದಿಯಿಲ್ಲದ, ಕೊಳವೆಬಾವಿ ಕೊರೆದು ಕೊರೆದು ಸಾಲಕ್ಕೆ ಬಿದ್ದ ರೈತರ ಸೀಮೆಯಲ್ಲಿ ವರ್ಷಗಳಿಂದ ಬಿರುಕು ಬಿಟ್ಟಿದ್ದ ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಮೇಲೆ ಬಂತು. ಆರಂಭದಲ್ಲಿಯೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟ್ ಮೆಟ್ಟಿಲೇರಿದ್ದೂ ನಿಜ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಎಂದು ಅಲ್ಲಿನ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು ಎಂದು ನಾನು ಇಲ್ಲಿ, ಬೆಂಗಳೂರಿನ ನೀರು ಕುಡಿದು ನಿಂತು ಹೇಳಬೇಕಾಗಿದೆ. ನಾವು ಫ್ಲಶ್ ಮಾಡಿದ್ದರ ಕೊನೆಯ ಬಳಕೆದಾರ ಕೋಲಾರದ ಟೊಮೆಟೊ ಬೆಳೆಗಾರ. ಅವನ ಕೆರೆಗೆ ಬಿಡುವ ನೀರಿನ ಗುಣವನ್ನು ದಿನವೂ ಅಳೆದು ಅವನ ಊರಿನ ಪಂಚಾಯಿತಿ ಕಚೇರಿಯಲ್ಲಿ, ಕನ್ನಡದಲ್ಲಿ, ಹಾಕಬೇಕು. ಅದಿನ್ನೂ ಆಗಬೇಕಾದ ಕೆಲಸ.

ಸೋರಿಕೆ, ದರ ಇವುಗಳ ಬಗ್ಗೆ ಎರಡೇ ಮಾತು. ಇಷ್ಟು ದೂರದಿಂದ ತಂದ ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಯಾವ ಬೀದಿಯಲ್ಲಿ ಹಳೆಯ ಪೈಪು ಕುಂಟುತ್ತಿದೆ ಎಂದು ಬಲ್ಲವನು ಆ ಬೀದಿಯ ವಾಲ್ವ್‌ಮನ್. ಅವನೂ ನೀರುಗಂಟಿಯೇ, ಅವನ ತಲೆಯಲ್ಲಿರುವ ನಕ್ಷೆ ಅವನ ನಿವೃತ್ತಿಯ ದಿನ ಅವನ ಜೊತೆಗೇ ಮನೆಗೆ ಹೋಗುತ್ತದೆ. ಇನ್ನು ದರ. 2014ರಿಂದ 2025ರವರೆಗೆ ನಲ್ಲಿ ಇದ್ದವರು ಮೊದಲ 8,000 ಲೀಟರಿಗೆ ಕೊಟ್ಟದ್ದು ಸಾವಿರ ಲೀಟರಿಗೆ ಏಳು ರೂಪಾಯಿ. 2024ರಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ನಿಗದಿ ಮಾಡಿದ ದರ 6,000 ಲೀಟರಿಗೆ 600 ರೂಪಾಯಿ, ಅಂದರೆ ಸಾವಿರ ಲೀಟರಿಗೆ ನೂರು. ನಲ್ಲಿ ಇಲ್ಲದವರಿಗೆ ನೀರು ಉಳಿಸಿ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

"ಸಂಸ್ಕರಿಸಿದ ನೀರನ್ನು ಕುಡಿಯುವ ಕಾಲ ಬರುತ್ತದೆಯೇ?" ಎಂದು ಒಬ್ಬ ತಾಯಿ ಕೇಳಿದರು. ಬಂದಾಗಿದೆ, ತಾಯಿ. ನಮೀಬಿಯಾ ದೇಶದ ವಿಂಡ್‌ಹುಕ್ ನಗರ 1968ರಿಂದ ಕುಡಿಯುತ್ತಿದೆ. ಅಷ್ಟು ದೂರ ಬೇಡ, ದೇವನಹಳ್ಳಿಗೆ ಹೋಗಿ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬಾಗಲೂರು ಕೆರೆಯ ಮೂಲಕ ಅಲ್ಲಿನ ಸಿಹಿನೀರು ಕೆರೆಗೆ ಬರುತ್ತದೆ. ಕೆರೆಯಿಂದ ನೆಲಕ್ಕೆ ಇಂಗಿದ ನೀರು ಪಕ್ಕದ ಹಳೆಯ ಬಾವಿಗೂ ಕಡಿಮೆ ಆಳದ ಕೊಳವೆಗಳಿಗೂ ಬರುತ್ತದೆ. ಅದನ್ನು ಎತ್ತಿ ಮತ್ತೆ ಶುದ್ಧೀಕರಿಸಿ, ಪರೀಕ್ಷಿಸಿ ಊರಿಗೆ ಕೊಡುವ ವ್ಯವಸ್ಥೆ ಆಗಿದೆ. ಘಟಕ, ಕೆರೆ, ಮಣ್ಣು, ಮತ್ತೆ ಘಟಕ ಎಂದು ನಾಲ್ಕು ಕಡೆ ಸೋಸಿದ ಆ ನೀರನ್ನು ಪರೀಕ್ಷೆಯ ವರದಿ ನೋಡಿ ನಾನು ಕುಡಿಯುತ್ತೇನೆ. ವರದಿ ಇಲ್ಲದಿದ್ದರೆ ಕಾವೇರಿಯ ನೀರನ್ನೂ ಕುದಿಸಿಯೇ ಕುಡಿಯುತ್ತೇನೆ.

"ಹೊರಗಿನಿಂದ ಜನ ಬರುವುದು ನಿಂತರೆ ಎಲ್ಲವೂ ಸರಿಹೋಗುತ್ತದೆ" ಎಂದು ಹಿಂದಿನ ಸಾಲಿನಿಂದ ಒಬ್ಬರು ಎಂದರು. ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ? ಬಂದವರನ್ನು ಲೆಕ್ಕಕ್ಕೆ ಹಿಡಿದೇ ನೀರಿನ ಲೆಕ್ಕ ಮಾಡಬೇಕು. ಈ ಸಭಾಂಗಣದಲ್ಲಿರುವ ನಮ್ಮಲ್ಲಿ ಎಷ್ಟು ಜನರ ಅಜ್ಜ ಇಲ್ಲೇ ಹುಟ್ಟಿದ್ದರು ಎಂದು ಕೈ ಎತ್ತಿಸಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ.

"ನಮ್ಮ ಸಂಘ ಈ ತಿಂಗಳೇ ಮಾಡಬಹುದಾದದ್ದು ಏನು?" ಎಂಬುದು ಕೊನೆಯ ಪ್ರಶ್ನೆ. ಮೂರು ಕೆಲಸ ಹೇಳಿದೆ. ಬಡಾವಣೆಯ ಮನೆಗಳಲ್ಲಿರುವ ಮಳೆನೀರಿನ ಶೋಧಕಗಳನ್ನು ಮುಂದಿನ ಮಳೆಗೆ ಮುಂಚೆ ಬಿಚ್ಚಿ, ಜಲ್ಲಿ ತೊಳೆದು, ಬಲೆ ಬದಲಿಸಿ. ಅದನ್ನು ಕಲಿತ ಒಬ್ಬ ಪ್ಲಂಬರನಿಗೆ ಸಂಘದಿಂದಲೇ ವರ್ಷದ ಗುತ್ತಿಗೆ ಕೊಡಿ, ಮನೆಮನೆಯವರನ್ನು ನೆಚ್ಚಿಕೊಳ್ಳಬೇಡಿ. ಪಕ್ಕದ ಸಮುಚ್ಚಯದವರನ್ನು ಕೇಳಿ, ಮಿಕ್ಕ ಸಂಸ್ಕರಿಸಿದ ನೀರು ಎಷ್ಟಿದೆ, ನಿಮ್ಮ ಉದ್ಯಾನಕ್ಕೆ ಕೊಡುತ್ತಾರೆಯೇ ಎಂದು. ಕೊಡುವುದಾದರೆ ಮೊದಲು ಅವರ ಆಪರೇಟರನ್ನು ಕಂಡು ಜಾಡಿ ತೋರಿಸಲು ಹೇಳಿ. ಶೋಧಕ, ಇಂಗುಬಾವಿಗಳ ಬಗೆಬಗೆಯ ಮಾದರಿಗಳನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಜಲಮಂಡಳಿಯ ಮಳೆನೀರು ಕೊಯ್ಲು ಉದ್ಯಾನ ಇಲ್ಲೇ ಜಯನಗರ 5ನೇ ಬ್ಲಾಕಿನಲ್ಲಿದೆ. ಹೋಗುವಾಗ ಪ್ಲಂಬರನನ್ನೂ ಜೊತೆಗೆ ಕರೆದುಕೊಂಡು ಹೋಗಿ.